ರುಜು ಹಾಕಿಸಿಕೊಂಡು ಬಂದದ್ದು

ಮೂವತ್ತನಾಲ್ಕು ವರ್ಷ ಖಜಾನೆಯಲ್ಲಿ ಕೂತು ಕಂಡವರ ರುಜು ನೋಡಿದವನು ನಾನು. ಬಿಲ್ಲಿನ ಮೇಲಿನ ರುಜು, ತಿದ್ದಿದ ಕಡೆಯಲ್ಲೆಲ್ಲ ಕಿರುಸಹಿ, ಎಲ್ಲಕ್ಕೂ ಕೆಳಗೆ ಮೇಲುರುಜು. ಕೆಳಗಿದ್ದರೂ ಅದಕ್ಕೆ ಮೇಲುರುಜು ಎಂದೇ ಹೆಸರು. ಸರ್ಕಾರದಲ್ಲಿ ಮೇಲು ಕೆಳಗು ತೀರ್ಮಾನವಾಗುವುದು ಜಾಗದಿಂದಲ್ಲ. ರುಜುವಿನ ಬಾಲ ಒಂದು ನೂಲು ಮೊಟಕಾಗಿದ್ದರೂ ಸಾಕು, ಆಕ್ಷೇಪಣೆ ಬರೆದು ಬಿಲ್ಲನ್ನು ಬಂದ ದಾರಿಗೇ ಕಳಿಸುತ್ತಿದ್ದೆ. ಎಷ್ಟು ಮೇಷ್ಟರುಗಳ ಸಂಬಳ ನನ್ನ ದೆಸೆಯಿಂದ ಹಬ್ಬ ಕಳೆದ ಮೇಲೆ ಕೈಸೇರಿತೋ! ಅವರ ಶಾಪವೆಲ್ಲ ಒಟ್ಟಾಗಿ ಈಗ ನನ್ನ ಎಡಮಂಡಿಯಲ್ಲಿ ಕೂತಿದೆ ಎಂದು ಮನೆಯವಳ ಅಭಿಪ್ರಾಯ. ಡಾಕ್ಟರು ಅದಕ್ಕೆ ಬೇರೆ ಹೆಸರು ಹೇಳುತ್ತಾರೆ.

ಅಂಥವನು ಕಳೆದ ತಿಂಗಳ ಒಂದು ಭಾನುವಾರ, ಯಾರದೋ ಮದುವೆಯ ತಾಂಬೂಲದ ಚೀಲದಲ್ಲಿ ಒಂದು ಹಳೇ ಕಾದಂಬರಿ ಇಟ್ಟುಕೊಂಡು, ಇನ್ನೊಬ್ಬರ ರುಜುವಿಗಾಗಿ ಮೂವತ್ತು ನಲವತ್ತು ಜನರ ಹಿಂದೆ ಸಾಲಿನಲ್ಲಿ ನಿಂತಿದ್ದೆ. ಖಜಾನೆಯ ಹಳೇ ಗೆಳೆಯರು ಯಾರಾದರೂ ನೋಡಿದ್ದರೆ ಕುಣಿದು ಕುಪ್ಪಳಿಸುತ್ತಿದ್ದರು.

ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ನಾನು ದಿನಾ ಬೆಳಿಗ್ಗೆ ಹೋಗುತ್ತೇನೆ. ಓದುವುದಕ್ಕೆ ಎಂದು ನಾನು ಹೇಳುತ್ತೇನೆ. ಮನೆಯ ನೆಲ ಒರೆಸುವ ಹೊತ್ತಿಗೆ ಹೊರಗಿರುವುದಕ್ಕೆ ಎಂದು ಅವಳು ಹೇಳುತ್ತಾಳೆ. ಗ್ರಂಥಾಲಯ ಎಂದೊಡನೆ ನೀವು ಕಬ್ಬನ್ ಪಾರ್ಕಿನ ಕೆಂಪು ಕಟ್ಟಡವನ್ನು, 1915ರ ಆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವನ್ನು ಕಣ್ಮುಂದೆ ತಂದುಕೊಳ್ಳಬೇಡಿ. ನಮ್ಮದು ನೀರಿನ ಟ್ಯಾಂಕಿನ ಬುಡದಲ್ಲಿ ಎರಡು ಕೋಣೆ, ಒಂದು ಜಗಲಿ. ಟ್ಯಾಂಕು ತುಂಬಿ ಚೆಲ್ಲಿದ ದಿನ ಇತಿಹಾಸದ ಕಪಾಟು ಒದ್ದೆಯಾಗುತ್ತದೆ. ಹಾಗಾಗಿ ನಮ್ಮಲ್ಲಿ ವಿಜಯನಗರದ ಪುಸ್ತಕಗಳೆಲ್ಲ ಹಪ್ಪಳದ ಹಾಗೆ ಉಬ್ಬಿಕೊಂಡಿವೆ. ಆದರೂ ಅದರ ಮೇಲೆ ನನಗೊಂದು ಹಕ್ಕಿನ ಮಮತೆ. 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ ಮನೆಗಂದಾಯದ ಜೊತೆಗೆ ನೂರಕ್ಕೆ ಆರರಂತೆ ಗ್ರಂಥಾಲಯದ ಕರವನ್ನೂ ನಾವು ಕಟ್ಟುತ್ತೇವಲ್ಲ, ಇಷ್ಟು ವರ್ಷದ ನನ್ನ ಪಾಲನ್ನು ಕೂಡಿ ನೋಡಿದರೆ ಅಲ್ಲಿನ ಒಂದು ಕುರ್ಚಿಯಾದರೂ ನನ್ನದೇ. ಯಾವ ಕುರ್ಚಿ ಎಂಬುದನ್ನೂ ಗೊತ್ತು ಮಾಡಿಕೊಂಡಿದ್ದೇನೆ. ಕಿಟಕಿಯ ಪಕ್ಕದ್ದು, ಕಾಲು ಅಲುಗಾಡದ್ದು.

ಅಲ್ಲಿನ ಪ್ರಜೆಗಳಲ್ಲಿ ಎರಡು ಪಂಗಡ. ಬೆಳಗಿನವರು ನಮ್ಮಂಥ ಪಿಂಚಣಿದಾರರು. ಬರುವಾಗಲೇ ಪತ್ರಿಕೆಯ ಯಾವ ಹಾಳೆ ಯಾರಿಗೆ ಎಂಬುದು ಪಾಲುಪಟ್ಟಿಯಾದ ಆಸ್ತಿಯ ಹಾಗೆ ನಿರ್ಧಾರವಾಗಿರುತ್ತದೆ. ನಿಧನವಾರ್ತೆಯ ಪುಟಕ್ಕೆ ಮಾತ್ರ ಸ್ವಲ್ಪ ನೂಕುನುಗ್ಗಲು. ಪದಬಂಧ ತುಂಬುವವರು ಒಬ್ಬರಿದ್ದಾರೆ. ಅದು ಎಲ್ಲರ ಪತ್ರಿಕೆ, ಪೆನ್ನು ತಾಗಿಸಬಾರದು ಎಂದು ಗ್ರಂಥಪಾಲಕಿಯಮ್ಮ ಗದರಿದ ಮೇಲೆ ಈಗ ಉಗುರಿನಲ್ಲಿ ಗೀರುತ್ತಾರೆ. ಎರಡನೆಯ ಪಂಗಡ ಹುಡುಗ ಹುಡುಗಿಯರದು. ಎಫ್‌ಡಿಎ, ಪಿಡಿಒ, ಕೆಎಎಸ್ ಎಂದು ಮೂರು ಮೂರು ಅಕ್ಷರಗಳನ್ನು ಜಪಿಸುತ್ತ, ಇಟ್ಟಿಗೆ ಗಾತ್ರದ ಗೈಡುಗಳನ್ನು ಮುಂದಿಟ್ಟುಕೊಂಡು, ಬೆಳಿಗ್ಗೆ ಕೂತರೆ ದೀಪ ಆರಿಸುವವರೆಗೆ ಏಳದವರು. ಅವರನ್ನು ನೋಡಿದರೆ ನನಗೆ ಗೌರವ, ಜೊತೆಗೆ ಸಣ್ಣ ಭಯ. ಒಮ್ಮೆ ಒಬ್ಬ ಹುಡುಗ ನನ್ನನ್ನು ಥಟ್ಟನೆ, “ಅಂಕಲ್, ಹಲ್ಮಿಡಿ ಶಾಸನ ಎಷ್ಟು ಸಾಲು?” ಎಂದು ಕೇಳಿದ. ನಾನು ಕನ್ನಡಕ ಒರೆಸುವುದರಲ್ಲಿ ನಿರತನಾದೆ.

ಪತ್ರಿಕೆಯ ಸ್ಟ್ಯಾಂಡಿನ ಪಕ್ಕದಲ್ಲಿ ಅಂಟಿಸಿದ್ದ ಜೆರಾಕ್ಸ್ ಹಾಳೆಯಲ್ಲಿ ಆ ಹೆಸರು ನೋಡಿದಾಗ ಎದೆ ಒಂದು ಸಲ ತಾಳ ತಪ್ಪಿತು. ‘ಲೇಖಕರೊಂದಿಗೆ ಸಂವಾದ, ಹಸ್ತಾಕ್ಷರ. ಭಾನುವಾರ ಸಂಜೆ ನಾಲ್ಕಕ್ಕೆ. ಲಘು ಉಪಾಹಾರ ಇದೆ.’ ಲೇಖಕರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಮುಂದೆ ಬರುವ ಸಂಗತಿಗಳು ಕೊಂಚ ಮನೆಮಟ್ಟದವು. ಅವರ ಅಪ್ಪಣೆ ಕೇಳಿಲ್ಲ, ಕೇಳುವ ಧೈರ್ಯವೂ ಇಲ್ಲ. ಅವರ ಒಂದು ಕಾದಂಬರಿಯನ್ನು ನಾನು ಮೊದಲು ಓದಿದ್ದು 1989ರಲ್ಲಿ. ಆಮೇಲೆ ಎಷ್ಟು ಸಲ ಓದಿದೆನೋ ಲೆಕ್ಕವಿಟ್ಟಿಲ್ಲ. ಆ ಕಾದಂಬರಿಯಲ್ಲಿ ಒಬ್ಬ ಅಂಚೆಯವನು ಬರುತ್ತಾನೆ. ನಮ್ಮ ಬೀದಿಯ ನಿಜವಾದ ಅಂಚೆಯವನ ಮುಖ ಮರೆತಿದ್ದೇನೆ, ಈ ಅಂಚೆಯವನ ಚಪ್ಪಲಿಯ ಸದ್ದು ಈಗಲೂ ಕಿವಿಯಲ್ಲಿದೆ. ಹಿಂದೆ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಸುತ್ತಿ ಮಾರಿದರಂತೆ. ಈಗ ಇವರು ನಮ್ಮ ಟ್ಯಾಂಕಿನ ಬುಡಕ್ಕೆ ತಾವಾಗಿ ಬರುತ್ತಾರೆಂದರೆ ನಾನು ಮಂಡಿನೋವಿನ ನೆಪ ಹೇಳುವುದು ಹೇಗೆ?

ಮನೆಗೆ ಬಂದವನೇ ಅಟ್ಟ ಹತ್ತಿದೆ. ಹತ್ತಿದೆ ಎಂದರೆ ಸ್ಟೂಲಿನ ಮೇಲೆ ನಿಂತೆ. ಕೆಳಗಿನಿಂದ ಅವಳು ಸ್ಟೂಲು ಹಿಡಿದುಕೊಂಡಳು, ಜೊತೆಗೆ ಬಿದ್ದರೆ ಯಾವ ಆಸ್ಪತ್ರೆ ಎಂಬ ಚರ್ಚೆಯನ್ನೂ ನಡೆಸಿದಳು. ಹಿತ್ತಾಳೆಯ ಕೊಳಗ, ಗೊಂಬೆ ಕೂರಿಸುವ ಹಲಗೆಗಳು, ವಾರಪತ್ರಿಕೆಗಳಿಂದ ಧಾರಾವಾಹಿ ಕತ್ತರಿಸಿ ಹೊಲಿಸಿದ ಬೈಂಡುಗಳು, ಇವೆಲ್ಲದರ ಹಿಂದೆ ಪುಸ್ತಕ ಸಿಕ್ಕಿತು. ಬೆನ್ನು ಹರಿದಿತ್ತು. ಮೊದಲ ಎರಡು ಹಾಳೆಗಳನ್ನು ಹುಳ ಜರಡಿ ಮಾಡಿತ್ತು. ನಲವತ್ತನೆಯ ಪುಟದಲ್ಲಿ ಸಾರಿನ ಕಲೆ. ಅದು ಊಟಕ್ಕೆ ಕೂತು ಓದುತ್ತಿದ್ದ ಕಾಲದ್ದು. ನಡುವೆ ಒಂದು ಬಸ್ ಟಿಕೆಟ್ಟು, ಅಕ್ಷರ ಹಾರಿಹೋಗಿ ಬರೀ ಕಾಗದದ ಚೂರು.

“ಇದನ್ನ ತಗೊಂಡು ಹೋಗ್ತೀರಾ? ಅಷ್ಟು ದೊಡ್ಡೋರ ಮುಂದೆ?” ಎಂದಳು. “ಹೊಸದೊಂದು ಕೊಂಡುಕೊಳ್ಳಿ. ಅಲ್ಲೇ ಮಾರ್ತಾರಂತಲ್ಲ.”

ಹೊಸದು ನನ್ನದಲ್ಲವಲ್ಲ ಎಂದು ಹೇಗೆ ತಿಳಿಸಲಿ? ಕಳೆದ ವರ್ಷದ ಕ್ಯಾಲೆಂಡರಿನ ದಪ್ಪ ಹಾಳೆ ತಂದು, ಶಾಲೆಯ ಹುಡುಗನ ಹಾಗೆ ನೆಲದ ಮೇಲೆ ಕೂತು ಬೈಂಡ್ ಹಾಕಿದೆ. ಮೂಲೆ ಮಡಿಸುವ ಕೈಚಳಕ ಇನ್ನೂ ಹೋಗಿಲ್ಲ. ಹೊರಗೆ ಬಿಳಿಯ ಬದಿ ಬರಬೇಕಿತ್ತು, ಲಕ್ಷ್ಮಿಯ ಬದಿ ಬಂದುಬಿಟ್ಟಿತು. ಮತ್ತೆ ಬಿಚ್ಚಲು ಮನಸ್ಸಾಗಲಿಲ್ಲ. ಈ ಎಲ್ಲ ಸಡಗರದಲ್ಲಿ ಪುಸ್ತಕದ ಕೊನೆಯ ಹಾಳೆಯನ್ನು ತಿರುವಿ ನೋಡಲಿಲ್ಲ. ಖಜಾನೆಯಲ್ಲಿ ಹೊಸಬರಿಗೆ ನಾನು ಕಲಿಸುತ್ತಿದ್ದ ಮೊದಲ ಪಾಠವೇ ಅದು: ಬಿಲ್ಲಿನ ಹಿಂಬದಿ ನೋಡು.

ಇನ್ನು ಅವರಿಗೆ ಏನು ಹೇಳುವುದು? ಮೂವತ್ತಾರು ವರ್ಷ ಮನಸ್ಸಿನಲ್ಲೇ ಅವರೊಡನೆ ಮಾತಾಡಿದ್ದೇನೆ. ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ನಿದ್ದೆ ಬಾರದ ರಾತ್ರಿಗಳಲ್ಲಿ. ಕಾದಂಬರಿಯ ಹನ್ನೆರಡನೆಯ ಅಧ್ಯಾಯದಲ್ಲಿ ಆ ಹುಡುಗಿ ವಾಪಸು ಬರಬಾರದಿತ್ತು ಎಂದು ವಾದಿಸಿ ಗೆದ್ದೂ ಇದ್ದೇನೆ. ಇದನ್ನೆಲ್ಲ ಸಾಲಿನಲ್ಲಿ ನಿಂತವನಿಗೆ ಸಿಗುವ ಅರ್ಧ ನಿಮಿಷಕ್ಕೆ ಇಳಿಸಬೇಕು. ಮೂರು ದಿನ ತಿದ್ದಿ ತೀಡಿ ಒಂದು ವಾಕ್ಯ ಸಿದ್ಧಪಡಿಸಿದೆ: “ಮಾನ್ಯರೇ, ತಮ್ಮ ಕೃತಿಯು ನನ್ನ ಬಾಳಿನ ಹಾದಿಯಲ್ಲಿ ದೀಪಸ್ತಂಭವಾಗಿ ನಿಂತಿದೆ.” ಅವಳಿಗೆ ಒಪ್ಪಿಸಿದೆ. ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತದೆ, “ಲೈಟು ಕಂಬದೋರಿಗೆ ಅರ್ಜಿ ಬರೆದ ಹಾಗಿದೆ” ಎಂದಳು. ಆಮೇಲೆ ತಾಂಬೂಲದ ಚೀಲ ಕೊಡುತ್ತ, ಬರುವಾಗ ಕರಿಬೇವು ಮರೆಯಬಾರದೆಂದು ಎರಡು ಸಲ ಹೇಳಿದಳು.

ನಾಲ್ಕಕ್ಕೆ ಎಂದು ಬರೆದಿದ್ದರು ಎಂದು ಮೂರೂಮುಕ್ಕಾಲಕ್ಕೇ ಹೋದೆ. ಅಲ್ಲಿ ಗ್ರಂಥಪಾಲಕಿಯಮ್ಮ ಒಬ್ಬರೇ ಮೇಜಿಗೆ ಬಟ್ಟೆ ಹಾಸುತ್ತಿದ್ದರು. ನನ್ನ ಸ್ವಂತ ಕುರ್ಚಿಯನ್ನು ವೇದಿಕೆಗೆ ಒಯ್ದಿದ್ದರು. ಕಾಲು ಅಲುಗಾಡದ್ದು ಅದೊಂದೇ ಎಂದು ಅವರಿಗೂ ಗೊತ್ತಿತ್ತು. ಗೈಡಿನ ಹುಡುಗರನ್ನು ಎಬ್ಬಿಸಿ ಹಿಂದಿನ ಸಾಲಿಗೆ ಕಳಿಸಲಾಗಿತ್ತು. ಅವರು ಅಲ್ಲಿಯೂ ಗೈಡು ಮುಚ್ಚಿರಲಿಲ್ಲ.

ನಾಲ್ಕೂಕಾಲಾಯಿತು. ನಾಲ್ಕೂವರೆಯಾಯಿತು. ಗೋಡೆಯ ಮೇಲೆ ಎಸ್. ಆರ್. ರಂಗನಾಥನ್ ಅವರ ಪಟವಿದೆ. ಮದರಾಸಿನಲ್ಲಿ ಗಣಿತದ ಮೇಷ್ಟರಾಗಿದ್ದು, 1924ರಲ್ಲಿ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ, ನಮ್ಮ ದೇಶದ ಗ್ರಂಥಾಲಯಗಳಿಗೆ ಒಂದು ಶಾಸ್ತ್ರವನ್ನೇ ಕಟ್ಟಿಕೊಟ್ಟ ಮಹಾನುಭಾವರು. ಕೊನೆಗಾಲಕ್ಕೆ ಬೆಂಗಳೂರಿಗೆ ಬಂದು ನೆಲೆಸಿ, 1962ರಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆಗೆ, ತರಬೇತಿಗೆ ಒಂದು ಕೇಂದ್ರ ತೆರೆದು, 1972ರಲ್ಲಿ ಅಲ್ಲೇ ತೀರಿಕೊಂಡರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳನ್ನು ಪಟದ ಕೆಳಗೆ ಬಣ್ಣದಲ್ಲಿ ಬರೆಸಿದ್ದಾರೆ. ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದು ಮೊದಲನೆಯದು. ಓದುಗನ ಸಮಯವನ್ನು ಉಳಿಸಬೇಕು ಎಂಬುದು ನಾಲ್ಕನೆಯದು. ಐದು ಗಂಟೆ ಹೊಡೆಯುವವರೆಗೆ ನಾನು ಆ ನಾಲ್ಕನೆಯ ಸೂತ್ರವನ್ನೇ ಓದುತ್ತ ಕೂತಿದ್ದೆ. ಮೇಷ್ಟರು ಪಟದೊಳಗಿಂದ ನನ್ನ ಕಡೆ ಅಸಹಾಯಕರಾಗಿ ನೋಡುತ್ತಿದ್ದ ಹಾಗಿತ್ತು.

ಐದಕ್ಕೆ ಲೇಖಕರು ಬಂದರು. ಪುಸ್ತಕದ ಹಿಂಬದಿಯ ಫೋಟೋದಲ್ಲಿ ಅವರಿಗೆ ಕಪ್ಪು ಗುಂಗುರು ಕೂದಲು, ತೀಕ್ಷ್ಣವಾದ ನೋಟ. ಆಟೋದಿಂದ ಇಳಿದವರು ಬಡಕಲು ಮೈಯ, ಹೆಗಲಿಗೆ ಜೋಳಿಗೆ ಹಾಕಿಕೊಂಡ ಮುದುಕರು. ಇವರಿಗೆ ವಯಸ್ಸಾಯಿತಲ್ಲ ಎಂದು ಮರುಗಿದೆ. ಅವರು ಮೆಟ್ಟಿಲು ಹತ್ತಲು ಒಬ್ಬ ಹುಡುಗ ಕೈ ಕೊಟ್ಟ. ಮರುಕ್ಷಣ ಅದೇ ಹುಡುಗ ತಿರುಗಿ ನನಗೂ ಕೈ ಕೊಟ್ಟ.

ನಮ್ಮ ಕಡೆಯ ಸಭೆ ನಿಮಗೆ ಗೊತ್ತೇ ಇದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಗಿಡಕ್ಕೆ ನೀರೆರೆಯುವುದು, ಶಾಲು, ಪೇಟ, ಹಣ್ಣಿನ ಬುಟ್ಟಿ. ಇಡೀ ಕಾರ್ಯಕ್ರಮದಲ್ಲಿ ಹೊತ್ತಿಗೆ ಸರಿಯಾಗಿ ಮುಗಿದದ್ದು ನಾಡಗೀತೆ ಒಂದೇ. ಅದನ್ನು ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು 2022ರಲ್ಲಿ ಸರ್ಕಾರವೇ ಆಜ್ಞೆ ಮಾಡಿದೆ. ಪ್ರಾಸ್ತಾವಿಕ ಭಾಷಣಕ್ಕೂ ಅಂಥದೊಂದು ಆಜ್ಞೆ ಹೊರಟರೆ ಆ ಸರ್ಕಾರಕ್ಕೆ ನನ್ನ ವೋಟು ಕಟ್ಟಿಟ್ಟದ್ದು. ನಮ್ಮ ಪ್ರಾಸ್ತಾವಿಕರು ಲೇಖಕರನ್ನು ಬಿಟ್ಟು ಲೇಖಕರ ಜಿಲ್ಲೆ, ಆ ಜಿಲ್ಲೆಯ ಮಳೆ, ಆ ಮಳೆಯಲ್ಲಿ ತಾವು ಒಮ್ಮೆ ಬಸ್ಸು ಕೆಟ್ಟು ನಿಂತದ್ದು, ಇಷ್ಟನ್ನೂ ಹೇಳಿದರು. ಲೇಖಕರು ಮೇಜಿನ ಕೆಳಗೆ ಮೆಲ್ಲಗೆ ಮಂಡಿ ಒತ್ತಿಕೊಳ್ಳುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು. ಎಡಮಂಡಿ.

ಲೇಖಕರು ಮಾತಾಡಿದ್ದು ಹತ್ತೇ ನಿಮಿಷ. ಅದರಲ್ಲಿ ಸಾಹಿತ್ಯದ ಮಾತು ಕಡಮೆ, ತಾವು ಹುಡುಗನಾಗಿದ್ದಾಗ ಊರ ಗ್ರಂಥಾಲಯದ ಕಿಟಕಿಯಿಂದ ಒಳಗೆ ಇಳಿಯುತ್ತಿದ್ದ ಕಥೆಯೇ ಹೆಚ್ಚು. ಆಮೇಲೆ ಪ್ರಶ್ನೋತ್ತರ. ತಮ್ಮ ಕೃತಿಯ ಸಾಮಾಜಿಕ ಆಶಯವೇನು ಎಂದು ಒಬ್ಬರು ಕೇಳಿದರು. ಪ್ರಶ್ನೆ ಎಷ್ಟು ಉದ್ದವಿತ್ತೆಂದರೆ ಉತ್ತರಕ್ಕೆ ಅದರಲ್ಲೇ ಜಾಗ ಮಾಡಿಕೊಟ್ಟಿದ್ದರು. ಆಗ ಹಿಂದಿನ ಸಾಲಿನಿಂದ ಗೈಡಿನ ಹುಡುಗನೊಬ್ಬ ಎದ್ದ. ನನ್ನನ್ನು ಹಲ್ಮಿಡಿ ಕೇಳಿದವನೇ. “ಸರ್, ನೀವು ಹುಟ್ಟಿದ ವರ್ಷ ಒಂದು ಗೈಡಲ್ಲಿ ಒಂಥರ ಇದೆ, ಇನ್ನೊಂದರಲ್ಲಿ ಇನ್ನೊಂಥರ ಇದೆ. ಸರಿ ಯಾವುದು ಸರ್?”

ಸಭೆ ನಕ್ಕಿತು. ಹುಡುಗ ನಗಲಿಲ್ಲ, ಅವನಿಗೆ ಅದು ಒಂದು ಅಂಕದ ಮಾತು. ಲೇಖಕರೂ ನಗಲಿಲ್ಲ. “ಎರಡೂ ತಪ್ಪಿರಬಹುದಪ್ಪ,” ಎಂದರು. “ಸ್ಕೂಲಿಗೆ ಸೇರಿಸುವಾಗ ಹೆಡ್ಮಾಸ್ಟರು ನನ್ನ ಎತ್ತರ ನೋಡಿ ಬರೆದುಕೊಂಡ ತಾರೀಖು ಅದು. ನಮ್ಮಮ್ಮ ಹೇಳ್ತಿದ್ದದ್ದು, ದೊಡ್ಡ ಮಳೆ ಬಂದು ಕೆರೆ ಒಡೆದ ವರ್ಷ ಅಂತ. ಮೇಲಿನ ಯಾವುದೂ ಅಲ್ಲ ಅಂತ ಇದ್ದರೆ ಅದಕ್ಕೆ ಗುರುತು ಹಾಕು.” ಹುಡುಗ ಅದನ್ನೂ ಬರೆದುಕೊಂಡ.

ಅಂತೂ ಸಾಲು ಹೊರಟಿತು. ಸಾಲೆಂದರೆ ನಮ್ಮಲ್ಲಿ ಗೊತ್ತಲ್ಲ, ಹಿಂದೆ ಒಂದೇ ಇರುತ್ತದೆ, ಮುಂದೆ ಹೋದಂತೆ ನದಿಯ ಮುಖಜ ಭೂಮಿಯಾಗುತ್ತದೆ. ನನ್ನ ಮುಂದಿದ್ದ ಹೆಂಗಸು ಒಂದೇ ಪುಸ್ತಕದ ಏಳು ಪ್ರತಿ ಅಪ್ಪಿಕೊಂಡಿದ್ದರು, ನಾದಿನಿಯರಿಗಂತೆ. ಹಿಂದೆ ಒಬ್ಬ ತಾತ ಮೊಮ್ಮಗನ ಮಗ್ಗಿ ಪುಸ್ತಕ ಹಿಡಿದು ನಿಂತಿದ್ದರು; ರುಜು ಮಾಡಿದರೆ ಹುಡುಗನಿಗೆ ಬುದ್ಧಿ ಬರಬಹುದು ಎಂಬ ಆಸೆ. ಎಸ್ಸೆಸ್ಸೆಲ್ಸಿ ಮುಗಿಯುವಾಗ ನಾವೂ ಬಣ್ಣಬಣ್ಣದ ಹಾಳೆಯ ಆಟೋಗ್ರಾಫ್ ಪುಸ್ತಕ ಹಿಡಿದು ಓಡಾಡಿದವರೇ. ಅದರಲ್ಲಿ ಗೆಳೆಯರು ಬರೆದ ಚಿರಸ್ನೇಹದ ಪ್ರತಿಜ್ಞೆಗಳೆಲ್ಲ ಬೇಸಿಗೆ ರಜೆ ಮುಗಿಯುವವರೆಗೆ ಬಾಳಿದವು. ನನ್ನೊಡನೆ ಜಗಳವಾಡಿದವನ ಒಂದು ವಾಕ್ಯ ಮಾತ್ರ ನೆನಪಿದೆ: “ನನ್ನ ಜಾಮಿಟ್ರಿ ಬಾಕ್ಸು ವಾಪಸು ಕೊಡು.”

ರುಜುವಿನ ಶಾಸ್ತ್ರವೇ ವಿಚಿತ್ರ. ಸಹಿ, ರುಜು, ದಸ್ಕತ್ತು, ಹಸ್ತಾಕ್ಷರ, ಒಪ್ಪ, ಅಂಕಿತ ಎಂದು ನಮಗೆ ಎಷ್ಟೊಂದು ಹೆಸರು! ಆದರೆ ನಮ್ಮ ದೊಡ್ಡವರು ಯಾರೂ ತಮ್ಮ ಹೆಸರು ಹಾಕಿದ್ದೇ ಕಾಣೆ. ವಿಜಯನಗರದ ಅರಸರ ತಾಮ್ರಶಾಸನ ನೋಡಿ: ಮೈಯೆಲ್ಲ ನಂದಿನಾಗರಿ ಲಿಪಿಯ ಸಂಸ್ಕೃತ ಇದ್ದರೂ ಕೊನೆಯ ಒಪ್ಪ ಮಾತ್ರ ದಪ್ಪ ಕನ್ನಡ ಅಕ್ಷರದಲ್ಲಿ, ‘ಶ್ರೀ ವಿರೂಪಾಕ್ಷ’. ದಾನ ಕೊಟ್ಟವನು ಕೃಷ್ಣದೇವರಾಯ, ರುಜು ಹಾಕಿದವನು ಹಂಪೆಯ ದೇವರು. ನಮ್ಮ ಖಜಾನೆಗೆ ಬಂದಿದ್ದರೆ ‘ರುಜು ಹೆಸರಿಗೆ ಹೊಂದುವುದಿಲ್ಲ’ ಎಂದು ಸಾಮ್ರಾಜ್ಯವನ್ನೇ ವಾಪಸು ಕಳಿಸುತ್ತಿದ್ದೆ. ಬಸವಣ್ಣನವರ ಬಿಲ್ಲಿಗೆ ಕೂಡಲಸಂಗಮದೇವನ ರುಜು, ಪುರಂದರದಾಸರದಕ್ಕೆ ವಿಠಲನದು. ಈಚಿನವರಾದರೂ ಸುಧಾರಿಸಿದರೇ? ಮಾಸ್ತಿಯವರು ಶ್ರೀನಿವಾಸ ಎಂದರು, ಬೇಂದ್ರೆಯವರು ಅಂಬಿಕಾತನಯದತ್ತ ಎಂದರು. ಇನ್ನು ನನ್ನ ಸ್ವಂತ ರುಜುವಿನ ವಿಷಯ. ಹೋದ ವರ್ಷ ಒಂದು ಬ್ಯಾಂಕಿನಲ್ಲಿ, ಮೊಮ್ಮಗಳ ವಯಸ್ಸಿನ ಹುಡುಗಿ, “ಸರ್, ಈ ಸಿಗ್ನೇಚರ್ ಮ್ಯಾಚ್ ಆಗ್ತಿಲ್ಲ, ಇನ್ನೊಂದ್ಸಲ ಮಾಡಿ” ಎಂದಳು. ನಾಲ್ಕು ಸಲ ಮಾಡಿದೆ. ನಾಲ್ಕು ನಾಲ್ಕು ಥರ ಬಂದವು. ಕೈ ನಡುಗುತ್ತದೆ ಎಂದು ಹೇಳಲು ನಾಚಿಕೆ. ಕೊನೆಗೆ ಹೆಬ್ಬೆಟ್ಟು ಒತ್ತಿಸಿಕೊಂಡಳು. ಮೇಷ್ಟರುಗಳ ಶಾಪ ಮಂಡಿಯಿಂದ ಬೆರಳಿಗೂ ಹಬ್ಬಿತ್ತು.

“ಮುಂದೆ ಬನ್ನಿ ಸಾರ್,” ಎಂದರು ಗ್ರಂಥಪಾಲಕಿಯಮ್ಮ.

ಮುಂದೆ ಬಂದೆ. ಎದುರಿಗೆ ಅವರು. ನನ್ನ ಕುರ್ಚಿಯಲ್ಲಿ. ದೀಪಸ್ತಂಭದ ವಾಕ್ಯ ಹಲ್ಲಿನ ಹಿಂದೆ ಸಿದ್ಧವಾಗಿತ್ತು. ಬಾಯಿ ತೆರೆದೆ. “ಸಾರ್, ಎಳ್ಳೆಣ್ಣೆ ಬೆಚ್ಚಗೆ ಮಾಡಿ ರಾತ್ರಿ ಹಚ್ಚಿಕೊಳ್ಳಿ,” ಎಂದುಬಿಟ್ಟೆ.

ಅವರು ತಲೆ ಎತ್ತಿದರು. “ಏನಂದಿರಿ?”

“ಮಂಡಿಗೆ, ಸಾರ್. ಎಡಗಡೆ. ನನಗೂ ಅದೇ.”

“ಹರಳೆಣ್ಣೆ ಹಚ್ತಿದ್ದೆ. ಅಷ್ಟಕ್ಕಷ್ಟೆ,” ಎಂದರು ಗಂಭೀರವಾಗಿ. ಕನ್ನಡದ ಇಬ್ಬರು ವಯೋವೃದ್ಧರ ನಡುವೆ ಎಣ್ಣೆಗಳ ತಾರತಮ್ಯ ಒಂದಿಷ್ಟು ನಡೆಯಿತು. ಹಿಂದಿನ ತಾತ ಮಗ್ಗಿ ಪುಸ್ತಕದಿಂದ ನನ್ನ ಬೆನ್ನು ತಿವಿದರು. ಲಕ್ಷ್ಮಿಯ ಬೈಂಡಿನ ಪುಸ್ತಕವನ್ನು ಮುಂದಿಟ್ಟೆ.

ಅವರು ಲಕ್ಷ್ಮಿಯನ್ನು ಕಣ್ಣಿಗೊತ್ತಿಕೊಳ್ಳುವವರ ಹಾಗೆ ಒಂದು ಕ್ಷಣ ನೋಡಿ, ಬೈಂಡು ಸರಿಸಿ, ಒಳಗಿನ ಹೆಸರು ಓದಿ ಸುಮ್ಮನಾದರು. “ಮೊದಲನೆ ಮುದ್ರಣ,” ಎಂದರು. “ನನ್ನ ಹತ್ರಾನೂ ಇಲ್ಲ.” ಪೆನ್ನು ತೆಗೆದು ಮೊದಲ ಹಾಳೆ ಮುಟ್ಟಿದರು. ಅದು ಹಪ್ಪಳದ ಹಾಗೆ ಚಟ್ಟೆಂದು ಮೂಲೆ ಮುರಿಯಿತು. “ಇಲ್ಲಿ ಬರೆದರೆ ಪೆನ್ನು ಆ ಕಡೆಗೆ ಹೋಗುತ್ತೆ” ಎಂದು ಪುಸ್ತಕ ತಿರುಗಿಸಿ, ಹಿಂದಿನ ಖಾಲಿ ಹಾಳೆಗೆ ಬಂದರು.

ಅದು ಖಾಲಿ ಇರಲಿಲ್ಲ. ಪೆನ್ಸಿಲಿನಲ್ಲಿ ಮೇಲಿಂದ ಕೆಳಗೆ ತಿಂಗಳ ತಾರೀಖುಗಳು. ಪ್ರತಿ ತಾರೀಖಿನ ಮುಂದೆ ಅರ್ಧ, ಅರ್ಧ, ಅರ್ಧ. ಹಾಲಿನ ಲೆಕ್ಕ. ಅವಳ ಕೈಬರಹ, ಈಗಿನದಕ್ಕಿಂತ ದುಂಡಗೆ.

ನೆಲ ಬಾಯಿಬಿಡಬಾರದೇ ಎನ್ನಿಸಿತು. “ಕ್ಷಮಿಸಿ ಸಾರ್, ಮನೆಯವರು... ಗೊತ್ತಾಗದೆ...” ಎಂದು ಪುಸ್ತಕ ಎಳೆದುಕೊಳ್ಳಲು ಹೋದೆ. ಅವರು ಬಿಡಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರ ತಂದು, ತೋರುಬೆರಳನ್ನು ತಾರೀಖುಗಳ ಮೇಲೆ ಮೆಲ್ಲಗೆ ಇಳಿಸುತ್ತ ಹೋದರು. ಏಳು ಪ್ರತಿಯ ಹೆಂಗಸಿಗೆ, ಉದ್ದ ಪ್ರಶ್ನೆಯವರಿಗೆ, ಪ್ರಾಸ್ತಾವಿಕರಿಗೆ ಕೊಡದ ಗಮನವನ್ನು ಅವರು ನಮ್ಮ ಮನೆಯ ಹಾಲಿಗೆ ಕೊಟ್ಟರು.

“ನಾಲ್ಕನೇ ತಾರೀಖು ಒಂದು ಲೀಟರ್. ನೆಂಟರು ಬಂದಿದ್ದರು, ಅಲ್ಲವೇ?”

“ಇರಬಹುದು ಸಾರ್.”

“ಐದು, ಆರು, ಮತ್ತೆ ಅರ್ಧ. ಹೊರಟುಹೋದರು.” ಬೆರಳು ಇಳಿಯಿತು, ನಿಂತಿತು. “ಹನ್ನೊಂದರಿಂದ ಹದಿನಾರರವರೆಗೆ ಇಲ್ಲ, ಇಲ್ಲ, ಇಲ್ಲ. ಆರು ದಿನ. ಊರಿಗೆ ಹೋಗಿದ್ದಿರಾ?”

ನೆನಪಾಗಲಿಲ್ಲ. 1989ರ ಯಾವುದೋ ತಿಂಗಳ ಹನ್ನೊಂದನೆಯ ತಾರೀಖು ನಾನೆಲ್ಲಿದ್ದೆ ಎಂದರೆ ಏನು ಹೇಳಲಿ? ಮದುವೆಯಾಗಿ ಆರೇಳು ತಿಂಗಳಾಗಿದ್ದ ಕಾಲ. ಎರಡು ಕೋಣೆಯ ಬಾಡಿಗೆ ಮನೆ. “ಗೊತ್ತಿಲ್ಲ ಸಾರ್,” ಎಂದೆ, ಹಲ್ಮಿಡಿಯ ಮುಂದೆ ನಿಂತವನ ಹಾಗೆ.

“ಊರಿಗೆ ಹೋಗಿದ್ದರೆ ‘ಊರು’ ಅಂತ ಬರೀತಾರೆ. ಇವರು ಇಲ್ಲ ಇಲ್ಲ ಅಂತ ಒತ್ತಿ ಬರೆದಿದ್ದಾರೆ, ನೋಡಿ, ಪೆನ್ಸಿಲ್ಲು ಹಾಳೆ ಕೊರೆದಿದೆ.” ನನ್ನ ಮುಖ ನೋಡಿದರು. ಫೋಟೋದ ಆ ತೀಕ್ಷ್ಣ ನೋಟ ಎಲ್ಲಿಗೂ ಹೋಗಿರಲಿಲ್ಲ. “ಅವರಿಗೆ ಗೊತ್ತಿರುತ್ತೆ. ಕೇಳಿ, ನನಗೊಂದು ಕಾರ್ಡು ಬರೀರಿ.” ಎಂದು ಲೆಕ್ಕದ ಕೊನೆಯ ಗೆರೆಯ ಕೆಳಗೆ, ಒಟ್ಟು ಎಂದು ಬರೆದ ಜಾಗಕ್ಕೆ ಸರಿಯಾಗಿ ಕೆಳಗೆ, ತಮ್ಮ ಪೂರಾ ಹೆಸರಿನ ರುಜು ಹಾಕಿ, ತಾರೀಖನ್ನೂ ಹಾಕಿದರು. ನನ್ನ ಹೆಸರು ಕೇಳಲೇ ಇಲ್ಲ. ಮೂವತ್ತನಾಲ್ಕು ವರ್ಷದ ಅನುಭವದಿಂದ ಹೇಳುತ್ತೇನೆ, ಅದು ಹಸ್ತಾಕ್ಷರವಲ್ಲ. ಅಪ್ಪಟ ಮೇಲುರುಜು.

ಉಪ್ಪಿಟ್ಟಿನ ತಟ್ಟೆ ಕೈಗೆ ಬಂದದ್ದು, ತಿಂದದ್ದು ಒಂದೂ ಗೊತ್ತಾಗಲಿಲ್ಲ. ಮನೆ ತಲುಪಿದಾಗ ಅವಳು ಬಾಗಿಲಲ್ಲೇ, “ಕರಿಬೇವು?” ಎಂದಳು. ನಾನು ಪುಸ್ತಕದ ಕೊನೆಯ ಹಾಳೆ ತೆರೆದು ಮುಂದೆ ಹಿಡಿದೆ. ದೊಡ್ಡವರ ರುಜು ನೋಡಿ ಏನಾದರೂ ಅನ್ನಬಹುದು ಎಂದುಕೊಂಡೆ. ಅವಳ ಕಣ್ಣು ರುಜುವಿನ ಮೇಲೆ ನಿಲ್ಲದೆ ಮೇಲಕ್ಕೆ ಹತ್ತಿತು.

“ಅಯ್ಯೋ, ಇದು ಇನ್ನೂ ಇದೆಯಾ?”

“ಹನ್ನೊಂದರಿಂದ ಹದಿನಾರು. ಆರು ದಿನ ಹಾಲು ಯಾಕೆ ತಗೊಳ್ಳಲಿಲ್ಲ? ಅವರು ಕೇಳಿದರು.”

“ಯಾಕೆ ಅಂದರೆ? ಹಾಲಿನೋನಿಗೆ ಅಂತ ಡಬ್ಬಿಯಲ್ಲಿಟ್ಟ ದುಡ್ಡು ತಗೊಂಡು ಹೋಗಿ ಏನು ತಂದಿರಿ?”

ನಾನು ಕೈಯಲ್ಲಿದ್ದದ್ದನ್ನು ನೋಡಿದೆ.

“ಆರು ದಿನ ಹಾಲು ಬೇಡ ಅಂದು ಒಂದಿಷ್ಟು ಸರಿದೂಗಿಸಿದೆ. ಮಿಕ್ಕಿದ್ದಕ್ಕೆ ಎರಡು ಭಾನುವಾರದ ಸಿನಿಮಾ ಬಿಟ್ಟೆ.”

“ಮತ್ತೆ ಕಾಫಿ?”

“ಬರೀ ಡಿಕಾಕ್ಷನ್ ಕೊಡ್ತಿದ್ದೆ, ಬೆಲ್ಲ ಹಾಕಿ. ಲೋಟ ಕೈಗೆ ಕೊಟ್ಟರೆ ಕುಡೀತಿದ್ದಿರಿ. ಪುಸ್ತಕದಿಂದ ತಲೆ ಎತ್ತಿದ್ದರೆ ತಾನೇ? ಬಣ್ಣ ಕೂಡ ನೋಡಲಿಲ್ಲ.” ಚಪ್ಪಲಿ ಮೆಟ್ಟಿಕೊಂಡಳು. “ಅದಕ್ಕೇ ಲೆಕ್ಕ ಅದರಲ್ಲೇ ಬರೆದಿಟ್ಟಿದ್ದೆ. ಯಾವತ್ತಾದರೂ ನೋಡ್ತೀರಾ ಅಂತ. ಇರಿ, ಪಕ್ಕದ ಮನೆಯಲ್ಲಿ ಎರಡು ಎಸಳು ಕರಿಬೇವು ಕೇಳಿಕೊಂಡು ಬರ್ತೀನಿ.”

ಮರುದಿನ ಅಂಚೆ ಕಚೇರಿಗೆ ಹೋಗಿ ಕಾರ್ಡು ತಂದೆ. ಈಗಲೂ ಐವತ್ತೇ ಪೈಸೆ. ಒಂದು ರೂಪಾಯಿ ಕೊಟ್ಟು ಎರಡು ತೆಗೆದುಕೊಂಡೆ, ಒಂದು ಕೆಟ್ಟರೆ ಇರಲಿ ಎಂದು. ಮೊದಲನೆಯದರಲ್ಲಿ ದೀಪಸ್ತಂಭ ಎಂದು ಬರೆಯಲು ಹೊರಟು ಕೆಡಿಸಿದೆ. ಎರಡನೆಯದು ಮೂರು ವಾರದಿಂದ ಮೇಜಿನ ಮೇಲಿದೆ. ಇಷ್ಟಾಗಿದೆ: “ಮಾನ್ಯರೇ, ದಿನಾಂಕ 11ರಿಂದ 16ರವರೆಗಿನ ಹಾಲಿನ ಬಾಬ್ತು ತಾವು ಎತ್ತಿದ ಆಕ್ಷೇಪಣೆಗೆ ಸಮಜಾಯಿಷಿ ಈ ಕೆಳಕಂಡಂತಿದೆ.” ಕೆಳಗೆ ಜಾಗ ಬೇಕಾದಷ್ಟಿದೆ. ಅವಳು ಆಗಾಗ ಬಂದು ಇಣುಕಿ ನೋಡುತ್ತಾಳೆ. ನಿನ್ನೆ ಕಾಫಿ ತಂದು ಪಕ್ಕದಲ್ಲಿಟ್ಟಳು. ಈ ಸಲ ನಾನು ಮೊದಲು ಲೋಟದ ಒಳಗೆ ನೋಡಿದೆ.